ಒಂದೇ ಫೋಲ್ಡರ್

೨೮ ಡಿಸೆಂಬರ್ ೨೦೦೪, ಮಂಗಳವಾರ

ಅಮ್ಮ ಭಾನುವಾರ ಮಧ್ಯಾಹ್ನದಿಂದ ಫೋನಿನ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದಾಳೆ. ಯಾರಿಗೂ ಫೋನ್ ಮಾಡಲು ಬಿಡುವುದಿಲ್ಲ. ಬೇರೆ ಯಾರಾದರೂ ಮಾಡಿದರೆ, ಅಪ್ಪನಲ್ಲ ಎಂದು ಗೊತ್ತಾದ ಕೂಡಲೇ ಇಟ್ಟುಬಿಡುತ್ತಾಳೆ. ನನ್ನ ಹತ್ತಿರ ಮೊಬೈಲ್ ಇದೆ, ನಿಜ. ಆದರೆ ಅಪ್ಪನಿಗೆ ಬಾಯಿಪಾಠವಿರುವುದು ಮನೆಯ ನಂಬರ್ ಒಂದೇ.

ಅಮ್ಮನ ಮುಂದೆ ಆಡಲಾಗದ ಮಾತನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೆ ಈ ಡೈರಿ.

ಅಪ್ಪ ಶುಕ್ರವಾರ ತಿರುನಲ್ಲಾರಿಗೆ ಹೊರಟರು. ಶನಿದೇವರ ಕ್ಷೇತ್ರ, ಶನಿವಾರವೇ ದರ್ಶನ ಆಗಬೇಕು. ನನಗೆ ಸಾಡೆಸಾತಿಯಂತೆ. ಎರಡನೆಯ ಸಂಬಂಧವೂ ಮುರಿದ ಮೇಲೆ ಯಾರೋ ಜಾತಕ ನೋಡಿ ಹೇಳಿದ್ದರು. ಮೂವತ್ತಮೂರು ವರ್ಷದ ಹೆಂಗಸಿನ ಮದುವೆ ತಪ್ಪಿಸುವುದು ಬಿಟ್ಟರೆ ಶನಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಕೇಳಿದ್ದೆ. ಅಪ್ಪ ನಕ್ಕರು. ನಿನಗೋಸ್ಕರ ಯಾರು ಹೋಗುತ್ತಾರೆ, ಮುನಿರಾಜಪ್ಪನಿಗೆ ಜೊತೆ ಬೇಕಂತೆ ಎಂದರು. ಮುನಿರಾಜಪ್ಪ ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ಕಾರ್ಖಾನೆಯಲ್ಲಿ ಅಪ್ಪನೂ ಅವರೂ ಅಕ್ಕಪಕ್ಕದ ಮೆಷಿನ್ನಿನಲ್ಲೇ ನಿವೃತ್ತರಾದರು. ಈ ಮನೆಯ ಸೈಟು ತೋರಿಸಿದವರೂ ಅವರೇ. ಇಬ್ಬರನ್ನೂ ಕೃಷ್ಣರಾಜಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದವಳು ನಾನು.

ಟೀವಿಯಲ್ಲಿ ಹಗಲೂ ರಾತ್ರಿ ನಾಗಪಟ್ಟಣ ತೋರಿಸುತ್ತಿದ್ದಾರೆ. ಸಮುದ್ರ ಊರೊಳಗೆ ಬಂದು ಹೋಗಿದೆ, ದೋಣಿಗಳು ರಸ್ತೆಯಲ್ಲಿ ಬಿದ್ದಿವೆ. ತಿರುನಲ್ಲಾರಿನಿಂದ ನಾಗಪಟ್ಟಣಕ್ಕೆ ಎಷ್ಟು ದೂರ ಎಂದು ಅಮ್ಮ ಕೇಳಿದಳು. ಬಹಳ ದೂರ ಎಂದೆ. ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ.

೩೧ ಡಿಸೆಂಬರ್, ಶುಕ್ರವಾರ

ಮುನಿರಾಜಪ್ಪ ಒಬ್ಬರೇ ವಾಪಸ್ಸು ಬಂದರು.

ಗೇಟಿನ ಹತ್ತಿರವೇ ನಿಂತರು, ಕರೆದರೂ ಒಳಗೆ ಬರಲಿಲ್ಲ. ಕೈಯಲ್ಲಿ ಅಪ್ಪನ ಚೀಲ. ಅವರ ಹೆಂಡತಿ ಪಿಳ್ಳಮ್ಮ ಪಕ್ಕದಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಶನಿವಾರ ದರ್ಶನ ಚೆನ್ನಾಗಿ ಆಯಿತಂತೆ. ಭಾನುವಾರ ಹುಣ್ಣಿಮೆ, ಇಷ್ಟು ದೂರ ಬಂದು ಸಮುದ್ರಸ್ನಾನ ಮಾಡದೆ ಹೋಗುವುದೇ ಎಂದು ಅಪ್ಪನೇ ನಾಗಪಟ್ಟಣದ ಬಸ್ಸು ಹತ್ತಿಸಿದರಂತೆ. ಮುನಿರಾಜಪ್ಪನವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ತಲೆ ಸುತ್ತುತ್ತದೆ. ಅವರು ಪೇಟೆಯ ಹೋಟೆಲಿನಲ್ಲಿ ಚೀಲಗಳನ್ನಿಟ್ಟುಕೊಂಡು ಇಡ್ಲಿಗೆ ಕೂತರು, ಅಪ್ಪ ಮುಂದೆ ನಡೆದರು.

ಆಮೇಲೆ ಮೂರು ದಿನ ಆಸ್ಪತ್ರೆಗಳನ್ನು ಸುತ್ತಿದ್ದಾರೆ. ಹೂಳುವ ಮೊದಲು ತೆಗೆದ ಫೋಟೋಗಳನ್ನು ಗೋಡೆಗೆ ಅಂಟಿಸಿದ್ದರಂತೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. "ನೋಡ್ದೆ ಕಣಮ್ಮ. ನೋಡ್ದೆ, ಆದ್ರೆ ಕಣ್ಣಿಗೆ ಏನೂ ಕಾಣ್ಲಿಲ್ಲ."

ಅಮ್ಮ ಚೀಲ ಬಿಚ್ಚಿದಳು. ಪಂಚೆ, ಟವೆಲು, ಎಳ್ಳಿನ ಪ್ರಸಾದ, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಶರ್ಟು. ಪ್ರಸಾದವನ್ನು ದೇವರ ಮುಂದಿಟ್ಟಳು, ಶರ್ಟನ್ನು ಬೀರುವಿನಲ್ಲಿಟ್ಟಳು, ಬಂದು ಮತ್ತೆ ಫೋನಿನ ಪಕ್ಕ ಕೂತಳು.

೩ ಜನವರಿ ೨೦೦೫, ಸೋಮವಾರ

ಕೆಲಸಕ್ಕೆ ಹೋದೆ. ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆ. ಇಂದಿರಾನಗರದ ನಮ್ಮ ಇನ್ಸ್‌ಟಿಟ್ಯೂಟಿನಲ್ಲಿ ಮಧ್ಯಾಹ್ನದ ಜಾವಾ ಬ್ಯಾಚು ನನ್ನದು. ಹುಡುಗರು ಯಾವತ್ತೂ ಇಲ್ಲದ ಹಾಗೆ ಸುಮ್ಮನೆ ಕೂತಿದ್ದರು, ಯಾರೋ ಹೇಳಿರಬೇಕು. ಕ್ಲಾಸು ಮುಗಿದ ಮೇಲೆ ಸುನೀಲ್ ಎನ್ನುವ ಹುಡುಗ ಒಂದು ವೆಬ್‌ಸೈಟಿನ ವಿಳಾಸ ಕೊಟ್ಟ. ಸ್ವಯಂಸೇವಕರ ಗುಂಪೊಂದು ಗುರುತು ಸಿಗದವರ ಫೋಟೋಗಳನ್ನು ಅಲ್ಲಿ ಹಾಕುತ್ತಿದೆಯಂತೆ. ಹೂಳಿದ ದಿನಕ್ಕೊಂದು ಪುಟ, ದಿನವೂ ಹೊಸ ಪುಟಗಳು ಸೇರುತ್ತಿವೆ.

ಮನೆಯಲ್ಲಿ ಇಂಟರ್ನೆಟ್ಟು ಹಾಕಿದರೆ ಫೋನಿನ ಲೈನು ಹೋಗುತ್ತದೆ. ಅಪ್ಪ ಆ ಹೊತ್ತಿಗೇ ಮಾಡಿಬಿಟ್ಟರೆ ಎಂದು ಅಮ್ಮ ಒಪ್ಪಲಿಲ್ಲ. ಹತ್ತೇ ನಿಮಿಷ ಎಂದು ಗೋಗರೆದೆ.

ನಮ್ಮ ಲೈನಿನಲ್ಲಿ ಫೋಟೋ ಒಟ್ಟಿಗೆ ಬರುವುದಿಲ್ಲ. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತದೆ. ಮೊದಲು ಕೂದಲು, ಆಮೇಲೆ ಹಣೆ. ಹುಬ್ಬಿನವರೆಗೆ ಬಂದು ನಿಂತಿತು. ಮುಂದಿನ ಪಟ್ಟಿ ಬರುವವರೆಗೆ ಕಾಯಬೇಕು. ನರೆತ ಕೂದಲು, ಅಗಲ ಹಣೆ, ಯಾರದ್ದಾದರೂ ಆಗಬಹುದು. ಮಾನಿಟರ್ ಆರಿಸಿ ಎದ್ದುಬಿಟ್ಟೆ. ಸೈಟು ಸರಿಯಿಲ್ಲ ಎಂದು ಅಮ್ಮನಿಗೆ ಹೇಳಿದೆ.

ಹೀಗೆ ಒಂದೊಂದನ್ನೇ ಇಳಿಯುವುದು ನೋಡುತ್ತಾ ಕೂರುವುದು ನನ್ನಿಂದ ಆಗದು.

೪ ಜನವರಿ, ಮಂಗಳವಾರ

ಹುಡುಗರಿಗೆ ಕಲಿಸುವವಳು ನಾನು. ಒಂದು ಪ್ರೋಗ್ರಾಂ ಬರೆದರಾಯಿತು.

ಅದು ಮಾಡಬೇಕಾದ್ದು ಇಷ್ಟೇ. ಸೈಟಿನ ಮೊದಲ ಪುಟ ತೆರೆದು ಸಾಲುಸಾಲಾಗಿ ಓದಬೇಕು. ಲಿಂಕು ಕಂಡಲ್ಲೆಲ್ಲ ಎತ್ತಿಟ್ಟುಕೊಳ್ಳಬೇಕು. ಲಿಂಕು ಫೋಟೋದ್ದಾದರೆ ಇಳಿಸಿಕೊಂಡು ನಮ್ಮ ಕಂಪ್ಯೂಟರಿನಲ್ಲಿ ಇಡಬೇಕು, ಇನ್ನೊಂದು ಪುಟದ್ದಾದರೆ ಅದರೊಳಗೆ ಹೋಗಿ ಮತ್ತೆ ಇದನ್ನೇ ಮಾಡಬೇಕು. ಎಲ್ಲ ಬಂದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಕೂತು ಒಟ್ಟಿಗೆ ನೋಡಿಬಿಡುವುದು.

ಬೆಳಗಿನ ಜಾವವೇ ಎದ್ದು ಅರ್ಧ ಬರೆದೆ. ಮೂರು ದಿನದಿಂದ ಸೇರದ ತಿಂಡಿ ಇವತ್ತು ಸೇರಿತು.

೫ ಜನವರಿ, ಬುಧವಾರ

ಮೊದಲ ಸಲ ಓಡಿಸಿದೆ. ಪುಟದ ಮೂಲೆಯಲ್ಲೊಂದು ಜಾಹೀರಾತು ಇತ್ತು, ನನ್ನ ಪ್ರೋಗ್ರಾಂ ಅದರೊಳಗೆ ನುಗ್ಗಿ ಎಲ್ಲೆಲ್ಲೋ ಅಲೆದು ಗೋವಾದ ಹೋಟೆಲುಗಳ ಫೋಟೋ ತಂದು ಗುಡ್ಡೆ ಹಾಕಿತು. ಹೊಸ ಜೋಡಿಗಳು ಸಮುದ್ರದ ದಂಡೆಯಲ್ಲಿ ಎಳನೀರು ಕುಡಿಯುತ್ತಿವೆ. ನಗು ಬಂತು. ನಕ್ಕ ಮೇಲೆ ಅಳುವೂ ಬಂತು, ಬಚ್ಚಲಿಗೆ ಹೋಗಿ ಅತ್ತು ಬಂದೆ.

ಅವೆಲ್ಲವನ್ನೂ ಅಳಿಸಿದೆ. ಆ ಸೈಟಿನ ಹೆಸರಿನಿಂದ ಶುರುವಾಗುವ ವಿಳಾಸ ಬಿಟ್ಟು ಬೇರೆಡೆ ಹೆಜ್ಜೆಯಿಡಬಾರದು ಎಂದು ಒಂದು ಸಾಲು ಸೇರಿಸಿದೆ.

೭ ಜನವರಿ, ಶುಕ್ರವಾರ

ಓಡಿತು. ಕಪ್ಪು ಪರದೆಯ ಮೇಲೆ ಒಂದೊಂದೇ ಲಿಂಕಿನ ಹೆಸರು ಮೂಡಿ ಪಕ್ಕದಲ್ಲಿ 'ಬಂತು' ಎಂದು ಬೀಳುತ್ತದೆ. ಮುಖವಿಲ್ಲ, ಕೂದಲಿಲ್ಲ, ಬರೀ ನಂಬರು. ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಯಿತು.

ಲೈನಿಗಾಗಿ ಅಮ್ಮನ ಜೊತೆ ಜಗಳ. ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಳು. ಅಪ್ಪನನ್ನು ಹುಡುಕುವುದು ನಿನಗೆ ಬೇಡವಾ ಎಂದೆ. ಅವರು ಫೋನ್ ಮಾಡಿದರೆ ಎತ್ತುವುದು ನಿನಗೆ ಬೇಡವಾ ಎಂದಳು. ಇಬ್ಬರೂ ಹೇಳಿದ್ದು ಸರಿಯೇ. ಕೊನೆಗೆ, ನಾನು ಕೆಲಸಕ್ಕೆ ಹೋಗುವ ಮೊದಲು ಓಡಲು ಹಚ್ಚಿ ಹೋಗುವುದು, ಸಂಜೆ ಬಂದ ಕೂಡಲೇ ಆರಿಸುವುದು ಎಂದಾಯಿತು. ಲೈನು ಮಧ್ಯೆ ಕಡಿದರೆ ಎಲ್ಲಿ ಒತ್ತಬೇಕು ಎಂದು ಅಮ್ಮನಿಗೆ ತೋರಿಸಿದೆ.

೯ ಜನವರಿ, ಭಾನುವಾರ

ಹಲಸೂರಿನಿಂದ ವಾದಿರಾಜ ಮಾಮ ಬಂದಿದ್ದ, ಅಮ್ಮನ ಅಣ್ಣ. ಜೊತೆಗೆ ಪುರೋಹಿತರು, ನಾವು ಆಚಾರ್ಯರು ಎಂದೇ ಕರೆಯುವ ವಯಸ್ಸಾದವರು. ಮಾಮನದು ಒಂದೇ ಹಟ: ದೇಹ ಸಿಗುವುದಿಲ್ಲ, ಎಷ್ಟು ದಿನ ಹೀಗೇ ಇರುವುದು, ಕರ್ಮ ಮುಗಿಸಿಬಿಡೋಣ.

ಆಚಾರ್ಯರು ಸಮಾಧಾನದಲ್ಲೇ ಮಾತಾಡಿದರು. ದೇಹ ಸಿಗದಿದ್ದರೆ ದರ್ಭೆ, ಮುತ್ತುಗದ ಎಲೆಯಲ್ಲಿ ಆಕೃತಿ ಮಾಡಿ ದಹನ ಮಾಡುವ ಕ್ರಮವಿದೆ. ಆದರೆ ಸತ್ತದ್ದನ್ನು ಕಂಡವರು ಒಬ್ಬರಾದರೂ ಇರಬೇಕು. ಕಂಡವರಿಲ್ಲ ಎಂದರೆ ಅವರು ಕಾಣೆಯಾದವರು, ಹನ್ನೆರಡು ವರ್ಷ ಕಾಯಬೇಕು. ಬದುಕಿರುವವನಿಗೆ ಕರ್ಮ ಮಾಡಿದರೆ ಅದಕ್ಕಿಂತ ಪಾಪವಿಲ್ಲ ಎಂದರು.

ಹನ್ನೆರಡು ವರ್ಷ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹಸಿರು ಬಳೆ. ಅರವತ್ತೆಂಟು ತುಂಬುವವರೆಗೆ ಹೀಗೇ ಫೋನಿನ ಪಕ್ಕ ಕೂರುತ್ತಾಳೆಯೇ. ತಿಂಗಳ ಕೊನೆಯವರೆಗೆ ಸಮಯ ಕೊಡಿ, ನನ್ನ ಪ್ರೋಗ್ರಾಂ ಎಲ್ಲ ಫೋಟೋ ತರುತ್ತಿದೆ, ನಾನೇ ನೋಡಿ ಹೇಳುತ್ತೇನೆ ಎಂದೆ. ಪ್ರೋಗ್ರಾಂ ಎಂದರೆ ಏನು ಎಂದು ಆಚಾರ್ಯರು ಕೇಳಿದರು. ಮಾಮ ಏನೋ ವಿವರಿಸಿದ, ಅವನಿಗೂ ಗೊತ್ತಿಲ್ಲ.

೧೨ ಜನವರಿ, ಬುಧವಾರ

ಸಂಜೆ ಬಂದಾಗ ಪ್ರೋಗ್ರಾಂ ಇನ್ನೂ ಓಡುತ್ತಿತ್ತು. ಆರಿಸಲು ಹೋದರೆ ಅಮ್ಮ ತಡೆದಳು. ಇರಲಿ ಬಿಡು, ಎಷ್ಟು ಹೊತ್ತು ಬೇಕಾದರೂ ಹಾಕಿಕೋ ಎಂದಳು. ಚಾಪೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದಳು. ಅಂತೂ ಅವಳಿಗೂ ಈ ಕೆಲಸದ ಬೆಲೆ ಗೊತ್ತಾಯಿತಲ್ಲ ಎಂದು ನಿರಾಳವಾಯಿತು. ಊಟ ಬೇಡ ಅಂದಳು, ಅಜೀರ್ಣವಂತೆ.

ಇನ್ನು ಮೇಲೆ ಇಡೀ ದಿನ ಲೈನು ನನ್ನದು.

೧೪ ಜನವರಿ, ಶುಕ್ರವಾರ

ಸಂಕ್ರಾಂತಿ. ಎಳ್ಳು ಬೀರಲು ಹೊರಟ ಹೆಣ್ಣುಮಕ್ಕಳು ನಮ್ಮ ಗೇಟಿನ ಮುಂದೆ ಬಂದು ನಿಂತು ನಿಂತು ಮುಂದೆ ಹೋದರು. ನಮ್ಮದು ಸೂತಕದ ಮನೆಯೋ ಹಬ್ಬದ ಮನೆಯೋ ಅವರಿಗೆ ತಿಳಿಯದು. ನಮಗೇ ತಿಳಿಯದು. ಎದುರುಮನೆಯ ಶೇಷಮ್ಮನವರು ಒಂದು ಪೊಟ್ಟಣ ಎಳ್ಳನ್ನು ಗೇಟಿಗೆ ಸಿಕ್ಕಿಸಿ ಹೋಗಿದ್ದರು. ಅಮ್ಮ ಅದನ್ನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಮುನಿರಾಜಪ್ಪ ರಸ್ತೆಯಲ್ಲಿ ಕಂಡರು. ನನ್ನನ್ನು ನೋಡಿ ಪಕ್ಕದ ಸಂದಿಗೆ ತಿರುಗಿಕೊಂಡರು. ಸಿಟ್ಟು ಬಂತು. ಇಡ್ಲಿಗೆ ಕೂತವರು ಬದುಕಿದರು, ಅಷ್ಟೇ ತಾನೇ. ನಾನೇನು ಅವರನ್ನು ತಿನ್ನುತ್ತೇನೆಯೇ.

೧೯ ಜನವರಿ, ಬುಧವಾರ

ಪ್ರೋಗ್ರಾಂ ಈಗ ಒಂದು ಹದಕ್ಕೆ ಬಂದಿದೆ. ಲೈನು ಕಡಿದಾಗ ಕೆಲವು ಫೈಲುಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಅದಕ್ಕೆ, ಇಳಿದದ್ದರ ಅಳತೆಯನ್ನು ಸೈಟಿನವರು ಹೇಳುವ ಅಳತೆಯ ಜೊತೆ ತಾಳೆ ನೋಡಿ, ಕಡಿಮೆಯಿದ್ದರೆ ಮತ್ತೆ ತರುವಂತೆ ಮಾಡಿದೆ. ಒಮ್ಮೆ ತಂದ ಲಿಂಕನ್ನು ಮತ್ತೆ ಮುಟ್ಟದಂತೆ ನೆನಪಿಡುವುದನ್ನೂ ಕಲಿಸಿದೆ. ಆ ಸೈಟಿನವರಿಗೆ ಭಾರವಾಗದಿರಲಿ ಎಂದು ಎರಡು ಫೈಲಿನ ನಡುವೆ ಸ್ವಲ್ಪ ತಡೆದು ನಿಲ್ಲುತ್ತದೆ. ಒಟ್ಟು ಎಷ್ಟಾಯಿತು ಎಂದು ಕೆಳಗೆ ಹಸಿರು ಅಕ್ಷರದಲ್ಲಿ ತೋರಿಸುತ್ತದೆ. ಸಾವಿರ ದಾಟಿತು. ಬ್ಯಾಚಿನ ಹುಡುಗರಿಗೆ ಇದನ್ನೇ ಪ್ರಾಜೆಕ್ಟಾಗಿ ಕೊಡಬಹುದು ಎನ್ನಿಸಿತು, ಅಷ್ಟು ಚೊಕ್ಕವಾಗಿದೆ.

ಪಕ್ಕದಲ್ಲಿ ಬೀನ್ಸು ಸೋಸುತ್ತಿದ್ದ ಅಮ್ಮ, ಒಂದು ಸಲ ಬಂದ ಫೋಟೋ ಇನ್ನೊಂದು ಸಲ ಬರುತ್ತದಾ ಎಂದು ಕೇಳಿದಳು. ಬರುವುದಿಲ್ಲ, ಅದಕ್ಕೇ ವ್ಯವಸ್ಥೆ ಮಾಡಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದೆ. ಓ ಎಂದಳು. ಎದ್ದು ಒಳಗೆ ಹೋದಳು, ಬೀನ್ಸು ಅಲ್ಲೇ ಬಿಟ್ಟು.

೨೪ ಜನವರಿ, ಸೋಮವಾರ

ಇವತ್ತು ಹೊಸದೇನೂ ಬರಲಿಲ್ಲ. ಇಡೀ ದಿನ ಬೇಜಾರು.

೨೭ ಜನವರಿ, ಗುರುವಾರ

ಮಾಮ ನನ್ನ ಮೊಬೈಲಿಗೆ ಫೋನ್ ಮಾಡಿದ. ಎಲ್ಲ ಬಂತಾ, ನೋಡಿದೆಯಾ. ಇನ್ನೂ ಬರುತ್ತಿವೆ, ಬಂದ ಮೇಲೆ ನೋಡುತ್ತೇನೆ ಎಂದೆ. ಬಂದಿರುವಷ್ಟನ್ನು ನೋಡಬಾರದೇನು ಎಂದ. ಅದು ಹಾಗಲ್ಲ, ನಿಮಗೆ ಅರ್ಥವಾಗುವುದಿಲ್ಲ ಎಂದು ಕೂಗಾಡಿದೆ. ನಿನ್ನಮ್ಮ ಎಷ್ಟು ಇಳಿದುಹೋಗಿದ್ದಾಳೆ, ಅದನ್ನಾದರೂ ನೋಡಿದೆಯಾ ಎಂದು ಅವನೂ ಕೂಗಿದ.

ಇಳಿದಿರಬಹುದು. ರಾತ್ರಿ ಊಟ ಬಿಟ್ಟು ಬಹಳ ದಿನವಾಯಿತು. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಇಲ್ಲ, ನಾಳೆ ಸೈಟಿನ ಹಳೆಯ ಪುಟಗಳಲ್ಲಿ ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಪರೀಕ್ಷಿಸಬೇಕು. ಶನಿವಾರ ಹೋದರಾಯಿತು.

೩೦ ಜನವರಿ, ಭಾನುವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಬೆಳಿಗ್ಗೆ ಮುನಿರಾಜಪ್ಪ ಬಂದರು. ಈ ಸಲ ಗೇಟು ತೆಗೆದುಕೊಂಡು ಸೀದಾ ಒಳಗೆ ಬಂದು, ಕಂಪ್ಯೂಟರಿನ ಮುಂದೆ ಒಂದು ಸ್ಟೂಲು ಎಳೆದು ಕೂತರು. ನಾನು ಇನ್ನೂ ಒಂದನ್ನೂ ನೋಡಿಲ್ಲ ಎಂದು ಮಾಮ ಅವರ ಮನೆಗೆ ಹೋಗಿ ಹೇಳಿದ್ದನಂತೆ. ಆಸ್ಪತ್ರೆಯ ಗೋಡೆಯ ಮುಂದೆ ನನಗೆ ಧೈರ್ಯ ಬರಲಿಲ್ಲ, ಇಲ್ಲಿ ಇಬ್ಬರಿದ್ದೇವೆ ಎಂದರು. "ಒಬ್ಳೇ ನೋಡ್ಬೇಡ ಕಣಮ್ಮ. ನಾನೂ ಕೂತ್ಕೋತೀನಿ. ಇವತ್ತು ನೋಡ್ಬಿಡೋಣ."

ಇನ್ನೂ ಸ್ವಲ್ಪ ಬರುವುದಿದೆ ಎನ್ನಲು ಬಾಯಿ ತೆರೆದೆ. ಅವರು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಫೋಲ್ಡರ್ ತೆರೆದೆ. ಮೊದಲ ಸಲ. ಹಸಿರು ಅಕ್ಷರದ ಲೆಕ್ಕ ಸಾವಿರದ ಮೇಲಿತ್ತು, ಫೋಲ್ಡರಿನಲ್ಲಿ ಐವತ್ತು ಚಿಲ್ಲರೆ ಫೈಲುಗಳಿದ್ದವು. ಒಂದು, ಎರಡು, ಮೂರು ಎಂದು ನಂಬರಿನ ಹೆಸರುಗಳು. ಬೇರೆ ಜಾಗದಲ್ಲಿ ಇಟ್ಟಿದೆಯೇನೋ ಎಂದು ಇಡೀ ಕಂಪ್ಯೂಟರ್ ಹುಡುಕಿದೆ. ಎಲ್ಲೂ ಇಲ್ಲ. ಆಮೇಲೆ ತಲೆಗೆ ಹೊಳೆಯಿತು. ಆ ಸೈಟಿನಲ್ಲಿ ಒಂದೊಂದು ದಿನದ ಫೋಟೋಗಳಿಗೆ ಒಂದೊಂದು ಫೋಲ್ಡರು, ಒಳಗೆ ಪ್ರತಿ ದಿನವೂ ನಂಬರು ಒಂದರಿಂದಲೇ ಶುರು. ನನ್ನ ಪ್ರೋಗ್ರಾಂ ದಿನದ ಹೆಸರನ್ನು ಬಿಟ್ಟು ಬರೀ ನಂಬರನ್ನು ಇಟ್ಟುಕೊಂಡು ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿತ್ತು. ಎರಡನೆಯ ದಿನದ ಒಂದನೇ ನಂಬರು ಮೊದಲ ದಿನದ ಒಂದನೇ ನಂಬರಿನ ಮೇಲೆ ಕೂತಿತು. ಮೂರನೆಯ ದಿನದ್ದು ಅದರ ಮೇಲೆ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಜಾವಾ ಹೇಳದೆ ಕೇಳದೆ ಅಳಿಸಿ ಬರೆಯುತ್ತದೆ. ಪ್ರತಿ ಬ್ಯಾಚಿಗೂ ಇದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು ಹೇಳುವವಳು ನಾನು. ಮೊದಲ ವಾರ ಒಂದೇ ಒಂದು ಸಲ ಫೋಲ್ಡರ್ ತೆರೆದಿದ್ದರೆ ಗೊತ್ತಾಗುತ್ತಿತ್ತು.

ಮುನಿರಾಜಪ್ಪ ಏನೂ ತಿಳಿಯದೆ ನನ್ನ ಮುಖ ನೋಡುತ್ತಿದ್ದರು. ಮತ್ತೆ ತರುತ್ತೇನೆ, ಎಲ್ಲವನ್ನೂ ಮತ್ತೆ ತರುತ್ತೇನೆ ಎಂದು ಲೈನು ಹಾಕಿ ಸೈಟು ತೆರೆದೆ. ಸತ್ತವರ ಮನೆಯವರು ಕೇಳಿಕೊಂಡದ್ದರಿಂದ ಫೋಟೋಗಳನ್ನು ತೆಗೆದಿದ್ದೇವೆ ಎಂದು ಎರಡು ಸಾಲು ಬರೆದಿತ್ತು, ಅಷ್ಟೇ. ನಾನು ಮೇಜಿಗೆ ತಲೆಯಿಟ್ಟುಕೊಂಡೆ. ಎಲ್ಲ ಹೋಯಿತು, ಇದ್ದವರೆಲ್ಲ ಅಳಿಸಿಹೋದರು ಎಂದು ಜೋರಾಗಿ ಹೇಳಿದೆನಂತೆ, ನನಗೆ ನೆನಪಿಲ್ಲ.

ಹಿಂದಿನಿಂದ ಅಮ್ಮನ ದನಿ ಬಂತು. "ಅದು ದಿನಾ ಬೇರೆ ಬೇರೆಯವ್ರು ಇರ್ತಾರಲ್ಲ. ಅದು ಹಾಗೇ ಅಲ್ವಾ?"

ತಿರುಗಿ ನೋಡಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಮೈಸೂರಿನ ಚಿಕ್ಕಮ್ಮನ ಮೊಮ್ಮಗುವಿನ ಫೋಟೋ ನೋಡಲೆಂದು ಫೋಲ್ಡರ್ ತೆರೆಯುವುದನ್ನು ನಾನೇ ಕಲಿಸಿದ್ದೆ. ಲೈನು ಕಡಿದಾಗ ಒತ್ತಲು ಬಂದು ಕೂತವಳು ಒಂದು ದಿನ ಅದನ್ನೂ ತೆರೆದಿದ್ದಾಳೆ. ಆಮೇಲೆ ದಿನಾ ತೆರೆದಿದ್ದಾಳೆ. ನಾನು ಇಂದಿರಾನಗರದಲ್ಲಿ ಪಾಠ ಹೇಳುವ ಹೊತ್ತಿಗೆ ಅಮ್ಮ ಇಲ್ಲಿ ಒಬ್ಬಳೇ ಕ್ಲಿಕ್ ಮಾಡುತ್ತಾ ಒಬ್ಬೊಬ್ಬರನ್ನೇ ನೋಡಿದ್ದಾಳೆ. ಸಾವಿರ ಜನರನ್ನೂ ನೋಡಿದ್ದಾಳೆ.

"ಹದಿನಾಲ್ಕನೇ ನಂಬರಲ್ಲಿ ಅವ್ರಿದ್ರು ಅನ್ಸುತ್ತೆ ಶರು," ಎಂದಳು. "ಸಂಕ್ರಾಂತಿಗೆ ಮುಂಚೆ."

ಅನ್ನಿಸುತ್ತೆ ಅಂದರೆ ಏನಮ್ಮ ಎಂದೆ. ಮುಖ ಅವರದ್ದೇ, ಊದಿತ್ತು, ಆದರೂ ಅವರದ್ದೇ ಎಂದಳು. ಶರ್ಟು ಮಾತ್ರ ಅವರದಲ್ಲ. ಅಮ್ಮನ ಲೆಕ್ಕ ಪಕ್ಕಾ ಇತ್ತು. ಅಪ್ಪ ತೆಗೆದುಕೊಂಡು ಹೋಗಿದ್ದು ಎರಡು ಶರ್ಟು. ತಿರುನಲ್ಲಾರಿನಲ್ಲಿ ಎಣ್ಣೆ ಹಚ್ಚಿ ಕೊಳದಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬರಬೇಕು, ಶನಿ ಅದರ ಜೊತೆ ಹೋಗುತ್ತಾನೆ. ಹಳೆಯದು ಅಲ್ಲಿಗಾಯಿತು. ಒಳ್ಳೆಯದು ಚೀಲದಲ್ಲಿ ಹಾಗೇ ವಾಪಸ್ಸು ಬಂತು. ಹಾಗಿದ್ದ ಮೇಲೆ ಈ ನೀಲಿ ಗೆರೆಯ ಶರ್ಟು ಹಾಕಿಕೊಂಡವರು ಅಪ್ಪ ಹೇಗಾಗುತ್ತಾರೆ. ಮಾರನೆಯ ದಿನ ಇನ್ನೊಂದು ಸಲ ನೋಡಿ ಖಚಿತ ಮಾಡಿಕೊಳ್ಳೋಣ ಎಂದು ಹದಿನಾಲ್ಕನ್ನು ತೆರೆದರೆ ಅಲ್ಲೊಂದು ಮಗು ಮಲಗಿತ್ತಂತೆ. ಅವತ್ತಿನಿಂದ, ಮತ್ತೆ ಬರುತ್ತಾರೇನೋ ಎಂದು ದಿನಾ ನೋಡಿದಳಂತೆ. ಒಮ್ಮೆ ಬಂದ ಫೋಟೋ ಮತ್ತೆ ಬರುವುದಿಲ್ಲ ಎಂದು ಹತ್ತೊಂಬತ್ತನೇ ತಾರೀಖು ನಾನು ಹೇಳಿದ ಮೇಲೂ ನೋಡಿದಳಂತೆ.

ಯಾಕೆ ಹೇಳಲಿಲ್ಲ ಎಂದು ಕೇಳಬೇಕಾಗಲಿಲ್ಲ. ಅಮ್ಮನೇ ಹೇಳಿದಳು. ಕಂಡೆ ಎಂದು ಹೇಳಿದರೆ ಮುಗಿಯಿತು, ಕರ್ಮ ಮಾಡಿಬಿಡುತ್ತಾರೆ. ಆ ಶರ್ಟು ಹಾಕಿಕೊಂಡವರು ಬೇರೆ ಯಾರೋ ಆಗಿದ್ದರೆ? ಬದುಕಿರುವ ಗಂಡನಿಗೆ ತಾನೇ ಕೊಳ್ಳಿ ಇಡಿಸಿದ ಹಾಗೆ ಆಗುವುದಿಲ್ಲವೇ?

ಮುನಿರಾಜಪ್ಪ ಎದ್ದು ನಿಂತಿದ್ದರು. ಜೇಬಿನ ಹತ್ತಿರ ಏನಿತ್ತು ಎಂದು ಮೆಲ್ಲಗೆ ಕೇಳಿದರು. ಅಮ್ಮ ಅವರ ಕಡೆ ನೋಡಿ, ಕೆಂಪು ದಾರದ ಹೊಲಿಗೆ ಎಂದಳು.

"ಅದು ನಂದು ಸೀತಮ್ಮ," ಎಂದರು ಮುನಿರಾಜಪ್ಪ. "ಪಿಳ್ಳಮ್ಮ ಹಾಕಿದ್ ಹೊಲಿಗೆ. ಒಳ್ಳೇ ಶರ್ಟು ರೈಲಿಗಿರ್ಲಿ, ಸಮುದ್ರಕ್ಕೆ ನಿಂದೇ ಒಂದು ಕೊಡು ಅಂತ ಇಸ್ಕೊಂಡ್ರು ರಾಯ್ರು. ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಅವರು ಅಳುತ್ತಿದ್ದರು. ಅಮ್ಮ ಅಳಲಿಲ್ಲ. ಅವರು ಬಿಟ್ಟ ಸ್ಟೂಲಿನ ಮೇಲೆ ಕೂತಳು.

"ಹಾಗಾದ್ರೆ ಅವ್ರೇ," ಎಂದಳು.

೧ ಫೆಬ್ರವರಿ, ಮಂಗಳವಾರ

ಪ್ರೋಗ್ರಾಮಿನ ತಪ್ಪನ್ನು ಅಮ್ಮನಿಗೆ ವಿವರಿಸಿದೆ. ಅರ್ಥವಾಯಿತೋ ಇಲ್ಲವೋ, ಬಿಡು ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಕೊನೆಗೆ ಬಂದವರು ಮಾತ್ರ ಫೋಲ್ಡರಿನಲ್ಲಿ ಉಳಿದಿದ್ದಾರೆ. ಇವತ್ತು ಒಬ್ಬಳೇ ಕೂತು ಅವರನ್ನು ನೋಡಿದೆ. ಅವಸರ ಮಾಡಲಿಲ್ಲ. ಹದಿನಾಲ್ಕರಲ್ಲಿ ಒಬ್ಬ ಹುಡುಗಿಯಿದ್ದಾಳೆ, ಕಿವಿಯಲ್ಲಿ ಪ್ಲಾಸ್ಟಿಕ್ಕಿನ ಓಲೆ. ಅವಳ ಮನೆಯವರೂ ಎಲ್ಲೋ ಕಾಯುತ್ತಿರಬಹುದು. ಅಪ್ಪನನ್ನು ನಾನು ನೋಡಲಿಲ್ಲ, ಇನ್ನು ನೋಡುವುದೂ ಇಲ್ಲ. ಆ ದುಃಖ ಇವತ್ತು ಬಂತು, ಇಷ್ಟು ದಿನ ಎಲ್ಲಿತ್ತೋ. ಶೇಷಮ್ಮನವರಿಗೆ ಕೇಳಿಸುವಷ್ಟು ಅತ್ತೆ.

೭ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಹಲಸೂರಿನಾಚೆಯ ಸ್ಮಶಾನದಲ್ಲಿ ಆಯಿತು. ಕರ್ಮಕ್ಕೆ ಕೂರಲು ರಾಯಚೂರಿನಿಂದ ದೊಡ್ಡಪ್ಪನ ಮಗ ರಾಮು ಬಂದಿದ್ದ. ಹೆಂಗಸರು ಬರುವುದು ಪದ್ಧತಿಯಲ್ಲ ಎಂದು ಮಾಮ ಹೇಳಿನೋಡಿದ. ಅಮ್ಮ ಕೇಳಿಸಿಕೊಳ್ಳದೆ ಆಟೋ ಹತ್ತಿದಳು, ನಾನೂ ಹತ್ತಿದೆ. ಮುನಿರಾಜಪ್ಪ ನಮಗಿಂತ ಮೊದಲೇ ಬಂದು ದೂರದಲ್ಲಿ ನಿಂತಿದ್ದರು.

ನೆಲದ ಮೇಲೆ ದರ್ಭೆ ಹಾಸಿ, ಮುತ್ತುಗದ ಎಲೆ ಜೋಡಿಸಿ ಕೈ, ಕಾಲು, ತಲೆ ಮಾಡಿದ್ದರು. ಅಪ್ಪ ಇಷ್ಟು ಗಿಡ್ಡವಿರಲಿಲ್ಲ. ಅಮ್ಮ ಬೀರುವಿನಿಂದ ತಂದ ಬಿಳಿ ಶರ್ಟನ್ನು ಅದರ ಮೇಲೆ ಹೊದಿಸಿದಳು.

ಸಂಕಲ್ಪಕ್ಕೆ ಮೊದಲು ಆಚಾರ್ಯರು ಕ್ರಮದಂತೆ ಕೇಳಿದರು, ದೇಹ ಕಂಡವರು ಯಾರು. ಮಾಮ ಮುಂದೆ ಬಂದು ಇಂಟರ್ನೆಟ್ಟು, ಫೋಟೋ ಎಂದು ಏನೋ ಹೇಳಲು ತೊಡಗಿದ. ಅಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು.

"ನಾನು ಕಂಡೆ," ಎಂದಳು.

ಆಚಾರ್ಯರು ತಲೆಯೆತ್ತಿದರು. ಎಲ್ಲಿ ಕಂಡಿರಿ ತಾಯಿ ಎಂದರು.

"ಮನೇಲೇ," ಎಂದಳು ಅಮ್ಮ.

ಅವರು ಮತ್ತೇನನ್ನೂ ಕೇಳದೆ ರಾಮುವಿನ ಅಂಗೈಗೆ ನೀರು ಹಾಕಿದರು.